ಮಾಸ್ಕಾ, ಟ್ರ್ಯಾಕ್ ಮ್ಯಾಟಾ?

ಆಫ್ಟರ್ ಎಫೆಕ್ಟ್ಸಲ್ಲಿ (ವಿಡಿಯೋಗೆ ಎಫೆಕ್ಟ್ ಕೊಡೋ ಸಾಫ್ಟ್‌ವೇರ್) ಚಿತ್ರದ ಒಂದು ಭಾಗ ಮಾತ್ರ ಕಾಣೋ ಹಾಗೆ ಮಾಡೋಕೆ ಇವೆರಡ್ರಲ್ಲಿ ಯಾವ್ದು ಬಳಸ್ಲಿ ಅಂತ ಕೇಳಿದ್ರಲ್ಲ, ಮೊದ್ಲು ನೋಡ್ಬೇಕಾದ್ದು ಲೇಯರ್, ಅಂದ್ರೆ ಒಂದರ ಮೇಲೊಂದು ಇಡೋ ಚಿತ್ರದ ಪದರ, ಓಡಾಡತ್ತಾ ಇಲ್ವಾ ಅಂತ. ಮಾಸ್ಕ್ ಅಂದ್ರೆ ಲೇಯರ್ ಮೇಲೇ ಗೀಚೋ ಆಕಾರ, ಅದು ಲೇಯರಿಗೇ ಅಂಟ್ಕೊಂಡಿರತ್ತೆ, ಮೋಷನ್ ಪಾತ್ (ಲೇಯರ್ ಸಾಗೋ ದಾರಿ) ಮೇಲೆ ಲೇಯರ್ ಹೋದ್ರೆ ಅದೂ ಜೊತೆಗೇ ಹೋಗತ್ತೆ. ಕಿಟಕಿ ಆಚೆ ರೈಲು ಹೋಗೋ ಸೀನಲ್ಲಿ ರೈಲಿಗೇ ಮಾಸ್ಕ್ ಹಾಕ್ಬಿಟ್ಟಿದ್ದೆ, ರೈಲಿನ ಜೊತೆ ಕಿಟಕಿ ಆಕಾರಾನೂ ಓಡ್ತು, ಅರ್ಧ ದಿನ ಹಾಳು! ಅಂಥ ಕಡೆ ಟ್ರ್ಯಾಕ್ ಮ್ಯಾಟೇ ಸರಿ, ಅದು ಆಕಾರ ಕೊಡೋ ಬೇರೆ ಲೇಯರ್, ಇದ್ದಲ್ಲೇ ಇರತ್ತೆ.

ಸುಲಭ ಅಂದ್ರೆ ಮಾಸ್ಕ್, ಪೆನ್ ಟೂಲಲ್ಲಿ ಗೀಚಿ ಫೆದರ್ ಕೊಟ್ರೆ (ಅಂಚು ಮೆತ್ತಗೆ ಮಾಡಿದ್ರೆ) ಮುಗೀತು. ಅಕ್ಷರದೊಳಗೆ ವಿಡಿಯೋ ಕಾಣ್ಬೇಕಾ, ಆಗ ಆಲ್ಫಾ ಮ್ಯಾಟ್ ಹಾಕಿ (ಅಕ್ಷರದ ಲೇಯರ್ ಎಲ್ಲಿ ತುಂಬಿದ್ಯೋ ಅಲ್ಲಿ ಮಾತ್ರ ವಿಡಿಯೋ ತೋರ್ಸೋ ಟ್ರ್ಯಾಕ್ ಮ್ಯಾಟ್), ಪದ ಬದಲಾಯಿಸಿದ್ರೂ ಮತ್ತೆ ಗೀಚೋ ಕಾಟ ಇರಲ್ಲ.