ಪಾರ್ಮಿಜಾನಿನೋದಾ, ಡ್ಯೂರರ್‌ದಾ? ಯೇಸು ಹುಟ್ಟಿದ ಚಿತ್ರ ಯಾವುದು ತಗೋಬೇಕು

ಗೋದಲಿಯ ದೃಶ್ಯ ಇರೋ ಹಳೇ ಪ್ರಿಂಟ್‌ನ ಕಾಪಿ ಮನೇಲಿ ಹಾಕ್ಬೇಕು ಅಂತಿದ್ರೆ ಈ ಎರಡನ್ನ ಪಕ್ಕಪಕ್ಕ ಇಟ್ಟು ನೋಡಿ.

ಜರ್ಮನಿಯ ಕಲಾವಿದ ಡ್ಯೂರರ್‌ದು 1504ರ ಎನ್‌ಗ್ರೇವಿಂಗ್. ತಾಮ್ರದ ತಗಡನ್ನ ಉಳೀಲಿ ಕೊರೆದಿದ್ದು, ಅದಕ್ಕೇ ಒಂದೊಂದು ಗೆರೆನೂ ಖಡಕ್. ಮುರುಕಲು ಮನೆ, ಸೂರಿನಡಿ ಮರಿಯಾ ಮಗು ಮುಂದೆ ಮಂಡಿಯೂರಿದಾಳೆ, ಜೋಸೆಫ್ ಪಾಡಿಗೆ ಜೋಸೆಫ್ ಬಾವಿ ಹತ್ರ ಹೂಜಿಗೆ ನೀರು ಸುರೀತಿದಾನೆ, ಬಾಣಂತಿ ಮನೇಲಿ ಗಂಡಸು ಮಾಡೋ ಕೆಲಸ ಅದೇ ಅಲ್ವಾ, ನಂಗೆ ಅದು ತುಂಬಾ ಇಷ್ಟ. ಮೇಲೆ ನೇತಾಡೋ ಪುಟ್ಟ ಹಲಗೆ ಮೇಲೆ ಇಸವಿ, ಸಹಿ.

ಇಟಲಿಯ ಕಲಾವಿದ ಪಾರ್ಮಿಜಾನಿನೋದು ಎಚಿಂಗ್. ತಗಡಿಗೆ ಮೇಣದಂಥ ಲೇಪ ಬಳಿದು ಸೂಜೀಲಿ ಗೀಚಿ ಆಸಿಡ್‌ಗೆ ಬಿಡೋದು, ಗೆರೆ ಕೊರೆಯೋ ಕೆಲಸ ಆಸಿಡ್‌ದು, ಹಾಗಾಗಿ ಕೈ ಪೆನ್ನು ಹಿಡ್ದಂಗೆ ಸಲೀಸಾಗಿ ಓಡುತ್ತೆ. 1503ರಲ್ಲಿ ಪಾರ್ಮಾದಲ್ಲಿ ಹುಟ್ಟಿದವನು, 1527ರಲ್ಲಿ ರೋಮ್ ಲೂಟಿ ಆದಾಗ ಅಲ್ಲಿಂದ ಬೊಲೊನ್ಯಾಗೆ ಹೋದ, 37ಕ್ಕೇ ತೀರ್ಕೊಂಡ. ಇಟಲೀಲಿ ಎಚಿಂಗನ್ನ ಮೊದಮೊದಲು ಕೈಗೆತ್ತಿಕೊಂಡವರಲ್ಲಿ ಒಬ್ಬ. ಉದ್ದ ಕತ್ತಿನ ಮಡೋನ್ನಾ ಪೇಂಟಿಂಗ್ ಇವನದೇ, ಆ ಮ್ಯಾನರಿಸ್ಟ್ (ಮೈಕೈ ಉದ್ದುದ್ದ ಎಳೆದು ಬರೆಯೋ ಆ ಕಾಲದ ಶೈಲಿ) ಬಳುಕು ಈ ಚಿಕ್ಕ ಪ್ರಿಂಟಲ್ಲೂ ಇದೆ. ಹತ್ರದಿಂದ ನೋಡಿದ್ರೆ ಬರೀ ಗೀಟುಗಳು, ಸ್ವಲ್ಪ ಹಿಂದೆ ಸರಿದ್ರೆ ಮುಖ, ಬಟ್ಟೆ, ಬೆಳಕು.

ದೂರದಿಂದ ಕಾಣೋ ಗೋಡೆಗೆ, ಮಕ್ಕಳಿಗೆ ಬೆರಳಿಟ್ಟು ತೋರಿಸೋಕೆ ಡ್ಯೂರರ್ ತಗೊಳ್ಳಿ. ಚಿತ್ರ ಬರಿಯೋರಾದ್ರೆ, ಕೈ ಬಿಗಿ ಬಿಡಬೇಕು ಅಂತಿದ್ರೆ ಪಾರ್ಮಿಜಾನಿನೋನೇ. ನಾನಾದ್ರೆ ಅವನದನ್ನ ತಗೊಂಡು ಓದೋ ಮೇಜಿನ ಪಕ್ಕ, ಕಣ್ಣಿನ ಎತ್ತರಕ್ಕೆ ಹಾಕ್ತೀನಿ. ದೊಡ್ಡದು ಮಾತ್ರ ಮಾಡಿಸ್ಬೇಡಿ, ಆ ಸಣ್ಣ ಗೆರೆಗಳ ಜೀವ ಹೋಗ್ಬಿಡುತ್ತೆ.