ಹಳೆ ಫೋಟೋ ಉಳಿಸೋಕೆ ಫೋನ್ ಸಾಕಾ, ಸ್ಕ್ಯಾನರ್ ಬೇಕಾ?

ಮೊದಲೇ ಹೇಳಿಬಿಡುತ್ತೇನೆ, ಎರಡೂ ಬೇಕು. ಆದರೆ ಎರಡರ ಕೆಲಸ ಬೇರೆ ಬೇರೆ. ಯಾರ ಫೋಟೋ, ಯಾವ ಕಾಲದ್ದು ಅಂತ ನೆಂಟರ ಮನೆಯಲ್ಲಿ ಕೂತು ಕೇಳುವುದಕ್ಕೆ ಫೋನ್. ಮುಂದಿನವರಿಗೆ ಇಡುವುದಕ್ಕೆ ಸ್ಕ್ಯಾನರ್. ಸ್ಟುಡಿಯೋದವರಿಗೆ ಕೊಡಬೇಕಾದ್ದೂ ಸ್ವಲ್ಪ ಇರುತ್ತದೆ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಕುಟುಂಬ. ಫೋಟೋಗಳು ದೊಡ್ಡಮ್ಮನ ಟ್ರಂಕಿನಲ್ಲಿ ಒಂದಷ್ಟು, ಅತ್ತೆ ಮನೆ ಗೋಡೆಯ ಮೇಲೆ ಒಂದಷ್ಟು, ಹೀಗೆ ಹಂಚಿಹೋಗಿವೆ. ಅವನ್ನೆಲ್ಲ ಒಟ್ಟುಮಾಡುವಾಗ ಮೂರೂ ದಾರಿ ಹಿಡಿದು ನೋಡಿದೆ.

ಫೋನಿನ ದೊಡ್ಡ ಅನುಕೂಲ ಅಂದರೆ ಫೋಟೋ ಮನೆ ಬಿಟ್ಟು ಹೊರಗೆ ಹೋಗಬೇಕಾಗಿಲ್ಲ. "ಒಯ್ದು ಸ್ಕ್ಯಾನ್ ಮಾಡಿಸಿ ಕೊಡ್ತೀನಿ" ಅಂದರೆ ಸಾಕು, ದೊಡ್ಡಮ್ಮನ ಮುಖ ಸಣ್ಣದಾಗುತ್ತದೆ. ಇರುವುದೇ ಒಂದು ಪ್ರತಿ, ಯಾರು ತಾನೇ ಕೊಡುತ್ತಾರೆ? ನಾನು ಬಳಸಿದ್ದು ಗೂಗಲ್ ಫೋಟೋಸ್ಕ್ಯಾನ್. 2016ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ. ಒಮ್ಮೆ ಫೋಟೋ ತೆಗೆದ ಮೇಲೆ ನಾಲ್ಕು ಚುಕ್ಕಿ ಕಾಣಿಸುತ್ತವೆ. ಒಂದೊಂದರ ಮೇಲೂ ಫೋನ್ ಸರಿಸಬೇಕು. ಬೇರೆ ಬೇರೆ ಕೋನದ ಚಿತ್ರಗಳನ್ನು ಸೇರಿಸಿ ಅದು ಬೆಳಕಿನ ಹೊಳಪು ತೆಗೆಯುತ್ತದೆ. ಹೊಳೆಯುವ ಕಲರ್ ಪ್ರಿಂಟ್‌ಗೆ ಇದು ಒಳ್ಳೆಯದು. ಸೇರಿಸುವಾಗ ಸಣ್ಣ ಗೆರೆಗಳು ಕೊಂಚ ಮೆತ್ತಗಾಗುತ್ತವೆ. ಅಂಚನ್ನೂ ಅದೇ ಕತ್ತರಿಸಿಬಿಡುತ್ತದೆ. ಹಳೆ ಕಪ್ಪು-ಬಿಳುಪು ಫೋಟೋಗಳಿಗೆ ಅಲೆ ಅಲೆಯ ಅಂಚು ಇರುತ್ತದಲ್ಲ, ಕಾಲ ಅಂದಾಜು ಮಾಡಲು ಅದೂ ಬೇಕು. ಹಾಗಾಗಿ ಹೊಳಪಿಲ್ಲದ ಫೋಟೋಗಳಿಗೆ ನಾನು ಆ್ಯಪ್ ಬಿಟ್ಟೆ. ಜಗಲಿಯಲ್ಲಿ, ಮೋಡದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಸುಮ್ನೆ ಫೋನಿನ ಕ್ಯಾಮರಾದಲ್ಲೇ ನೇರವಾಗಿ ಮೇಲಿಂದ ತೆಗೆದದ್ದು ಎಷ್ಟೋ ವಾಸಿ.

ಸ್ಕ್ಯಾನರ್ ವಿಷಯಕ್ಕೆ ಬಂದರೆ, ಅದರಲ್ಲೂ ಎರಡು ಜಾತಿ. ತೆಳ್ಳಗಿನ, ಯುಎಸ್‌ಬಿ ವೈರಿನಲ್ಲೇ ನಡೆಯುವ ಕ್ಯಾನನ್ ಲೈಡ್ ತರಹದವು ಸಿಐಎಸ್ (ಗಾಜಿನ ಹತ್ತಿರವೇ ಕೂತು ಓದುವ ಸೆನ್ಸರ್). ದಪ್ಪಗಿನ, ಬೇರೆ ಕರೆಂಟ್ ಬೇಕಾಗುವ ಎಪ್ಸನ್ ವಿ600 ತರಹದವು ಸಿಸಿಡಿ (ಕನ್ನಡಿ, ಲೆನ್ಸ್ ಮೂಲಕ ದೂರದಿಂದ ಓದುವ ಸೆನ್ಸರ್). ಕೊಳ್ಳುವಾಗ ಎಲ್ಲರೂ ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಎಷ್ಟು ಅಂತಷ್ಟೇ ನೋಡುತ್ತಾರೆ. ನನ್ನ ಪ್ರಕಾರ ನೋಡಬೇಕಾದ್ದು ಈ ವ್ಯತ್ಯಾಸ. ಸಿಐಎಸ್‌ನಲ್ಲಿ ಫೋಟೋ ಗಾಜಿಗೆ ಚಪ್ಪಟೆಯಾಗಿ ಅಂಟಿಕೊಂಡಿರಬೇಕು. ಸ್ವಲ್ಪ ಎದ್ದಿದ್ದರೂ ಆ ಭಾಗ ಮಸುಕು. ಮಲೆನಾಡಿನ ಮಳೆ ಕಂಡ ಫೋಟೋ ಚಪ್ಪಟೆಯಾಗಿ ಮಲಗುತ್ತದಾ? ಸುರುಳಿ ಸುತ್ತಿಕೊಂಡದ್ದನ್ನು ಒತ್ತಿದರೆ ಮೇಲಿನ ಪದರ ಬಿರುಕು ಬಿಡುತ್ತದೆ. ಸಿಸಿಡಿ ಒಂದಿಷ್ಟು ಎತ್ತರ ತಗ್ಗು ಸಹಿಸುತ್ತದೆ. ಜಾಗ ಜಾಸ್ತಿ ತಿನ್ನುತ್ತದೆ, ಬೆಲೆಯೂ ಜಾಸ್ತಿ. ಆದರೂ ನೆಗೆಟಿವ್ ಇದ್ದವರು ಇದನ್ನೇ ತಗೊಳ್ಳಿ. ವಿ600 ತರಹದವುಗಳ ಮುಚ್ಚಳದಲ್ಲಿ ನೆಗೆಟಿವ್‌ಗೆ ಬೇಕಾದ ಲೈಟ್ ಇರುತ್ತದೆ.

ಫೋನಿಗೂ ಸ್ಕ್ಯಾನರಿಗೂ ನಿಜವಾದ ಅಂತರ ಗೊತ್ತಾದದ್ದು ಒಂದು ಪುಟ್ಟ ಚೌಕದ ಫೋಟೋದಲ್ಲಿ. 120 ಫಿಲ್ಮಿನ ಬಾಕ್ಸ್ ಕ್ಯಾಮರಾದ್ದು, ಆರು ಸೆಂಟಿಮೀಟರ್ ಅಗಲ, ನೆಗೆಟಿವ್ ಎಷ್ಟಿತ್ತೋ ಅಷ್ಟೇ ಪ್ರಿಂಟ್. ಅಜ್ಜಿಯ ಮಡಿಲಲ್ಲಿ ಒಂದು ಕೂಸು. ಅದು 1962ರಲ್ಲಿ ಹುಟ್ಟಿದ ಅತ್ತೆಯೋ, 1967ರಲ್ಲಿ ಹುಟ್ಟಿದ ಚಿಕ್ಕಪ್ಪನೋ ಅಂತ ಮನೆಯಲ್ಲಿ ಹಳೆ ಜಗಳ. ಫೋನಿನ ಪ್ರತಿಯಲ್ಲಿ ಹಿಂದಿನ ಗೋಡೆ ಬರೀ ಬೂದು. 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದಾಗ ಗೋಡೆಯ ಮೇಲೆ ಕ್ಯಾಲೆಂಡರ್ ಕಂಡಿತು. ಜೂನ್ ತಿಂಗಳು, 1ನೇ ತಾರೀಕು ಶನಿವಾರ. ಜೂನ್ 1 ಶನಿವಾರ ಬಿದ್ದದ್ದು 1957, 1963, 1968, 1974ರಲ್ಲಿ. ಅಂದರೆ ಅತ್ತೆಯ ವಾದಕ್ಕೂ ಸರಿ, ಚಿಕ್ಕಪ್ಪನ ವಾದಕ್ಕೂ ಸರಿ! ಆಮೇಲೆ ಕಪ್ಪು ಭಾಗವನ್ನು ಕಂಪ್ಯೂಟರಿನಲ್ಲಿ ಬೆಳಗಿಸಿದೆ. ಬಾಗಿಲ ನೆರಳಿನಲ್ಲಿ ಯಾರೋ ನಿಂತಿದ್ದರು. ಕನ್ನಡಕದ ಒಂದು ಕಡ್ಡಿ ಇಲ್ಲ, ಅದರ ಬದಲು ದಾರ ಕಟ್ಟಿ ಕಿವಿಗೆ ಸುತ್ತಿದೆ. ದೊಡ್ಡಮ್ಮ ನೋಡಿದ ತಕ್ಷಣ, "ಅಯ್ಯೋ, ಮುತ್ತಜ್ಜ ಅಲ್ವೇನೋ" ಅಂದರು. ಮುತ್ತಜ್ಜ ತೀರಿಕೊಂಡದ್ದು 1965ರಲ್ಲಿ. ಅಲ್ಲಿಗೆ ಕೂಸು ಅತ್ತೆಯೇ. ಚಿಕ್ಕಪ್ಪ ಮಾತ್ರ ಇನ್ನೂ ಒಪ್ಪಿಲ್ಲ, ಅದು ಬೇರೆ ವಿಷಯ.

ಸೆಟ್ಟಿಂಗ್ ಇಷ್ಟೇ. ಪೋಸ್ಟ್‌ಕಾರ್ಡ್ ಗಾತ್ರದ್ದಕ್ಕೆ 600 ಡಿಪಿಐ, ಪಾಸ್‌ಪೋರ್ಟ್ ಗಾತ್ರದ್ದಕ್ಕೆ, ಚಿಕ್ಕ ಚೌಕದ್ದಕ್ಕೆ 1200. ಕಪ್ಪು-ಬಿಳುಪು ಆದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಹಳದಿ ಕಲೆಯನ್ನು ಆಮೇಲೆ ಬೇರೆ ಮಾಡಲು ಸುಲಭ. ವಿವರ ಕಳೆಯದ ಟಿಫ್ ಫೈಲ್ ಇಟ್ಟುಕೊಂಡು, ಹಂಚಲು ಚಿಕ್ಕದಾದ ಜೆಪೆಗ್ ಮಾಡಿ. 4x6 ಇಂಚಿನ ಫೋಟೋ 600ರಲ್ಲಿ ಸುಮಾರು 26 ಎಂಬಿ ಆಗುತ್ತದೆ. ಇವತ್ತಿನ ಹಾರ್ಡ್‌ಡಿಸ್ಕ್‌ಗೆ ಅದೇನೂ ಭಾರವಲ್ಲ. ಜೇನುಗೂಡಿನಂತೆ ಉಬ್ಬು ತಗ್ಗು ಇರುವ ಸಿಲ್ಕ್ ಪೇಪರ್ ಫೋಟೋ ಸ್ಕ್ಯಾನರಿಗೆ ಕಷ್ಟ. ಬೆಳಕು ಒಂದೇ ಕಡೆಯಿಂದ ಬೀಳುವುದರಿಂದ ಮುಖದ ತುಂಬಾ ಚುಕ್ಕಿ. ಅದನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಎರಡನ್ನೂ ಒಂದರ ಮೇಲೊಂದು ಇಟ್ಟು ಬೆರೆಸಿದರೆ ಚುಕ್ಕಿ ಬಹಳಷ್ಟು ಮಾಯವಾಗುತ್ತದೆ.

ಸ್ಟುಡಿಯೋಗೆ ಕೊಟ್ಟದ್ದು ಕಟ್ಟು ಹಾಕಿಸಿದ ದೊಡ್ಡ ಫೋಟೋಗಳನ್ನು ಮಾತ್ರ. ಅದರಲ್ಲಿ ಒಂದು ಗಾಜಿಗೇ ಅಂಟಿಹೋಗಿತ್ತು. ತೇವಕ್ಕೆ ಜೆಲಟಿನ್ ಪದರ ಮೆತ್ತಗಾಗಿ ಗಾಜು ಹಿಡಿಯುತ್ತದೆ. ಕೀಳಲು ಹೋದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ, ಎರಡು ಕಡೆ 45 ಡಿಗ್ರಿಗೆ ಲೈಟ್ ಇಟ್ಟು, ಮೇಲಿಂದ ಕ್ಯಾಮರಾದಲ್ಲಿ ತೆಗೆಸಿದೆ. ಇದರಲ್ಲಿ ಫೋನ್, ಸ್ಕ್ಯಾನರ್ ಎರಡನ್ನೂ ಸ್ಟುಡಿಯೋ ಸೋಲಿಸಿತು. ತೊಂದರೆ ಏನೆಂದರೆ, ಕೇಳದಿದ್ದರೂ ಅಜ್ಜನನ್ನು ಬೆಳ್ಳಗೆ ಮಾಡಿ ಕೊಟ್ಟರು. "ಎಡಿಟ್ ಬೇಡ, ತೆಗೆದ ಫೈಲೇ ಕೊಡಿ" ಅಂತ ಬಾಯಿಬಿಟ್ಟು ಹೇಳಿ.

ಎಐ ರಿಪೇರಿ ಬಗ್ಗೆ ಎರಡೇ ಮಾತು. ಅಜ್ಜಿಯ ಮಸುಕು ಫೋಟೋವನ್ನು ಒಂದು ಆ್ಯಪ್‌ಗೆ ಕೊಟ್ಟೆ. ಮುಖ ಫಳಫಳ ಹೊಳೆಯಿತು, ಕಿವಿಯ ಮೇಲಿನ ಬುಗುಡಿ ಕೂದಲಾಗಿ ಹೋಯಿತು. ಅದು ನೆನಪಿಟ್ಟುಕೊಂಡು ಬಿಡಿಸುವುದಲ್ಲ, ಊಹಿಸಿ ಬಿಡಿಸುವುದು. ವಾಟ್ಸ್ಯಾಪ್ ಡಿಪಿಗೆ ಪರವಾಗಿಲ್ಲ.

ಗುರುತು ಹಿಡಿಯುವುದರಲ್ಲಿ ಯಂತ್ರಕ್ಕಿಂತ ಫೋಟೋದ ಹಿಂಬದಿ ಮೇಲು. ಅದನ್ನೂ ಸ್ಕ್ಯಾನ್ ಮಾಡಲೇಬೇಕು. ಸ್ಟುಡಿಯೋ ಸೀಲಿನ ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್‌ಗೆ ಮುಂಚಿನದು ಅನ್ನಬಹುದು, ಆದರೆ ಹಳೆ ಸೀಲನ್ನೇ ಸವೆಯುವ ತನಕ ಒತ್ತುವವರೂ ಇರುತ್ತಾರೆ. ಫೋನಿನಲ್ಲಿ ಮುಖ ಗುರುತಿಸುವ ಸೌಲಭ್ಯ ನಮ್ಮಲ್ಲಿ ಅಕ್ಕತಂಗಿಯರನ್ನೆಲ್ಲ ಒಬ್ಬರೇ ಮಾಡಿತು. ಹಿರಿಯರನ್ನು ಕೇಳುವಾಗಲೂ "ಇದು ಯಾರು?" ಅಂದರೆ "ಗೊತ್ತಿಲ್ಲ ಮಾರಾಯ" ಅಂತ ಮುಗಿಸುತ್ತಾರೆ. "ಇದು ಯಾವ ಮನೆಯ ಅಂಗಳ?" ಅಂತ ಕೇಳಿ, ಫೋನಿನಲ್ಲಿ ಮಾತು ರೆಕಾರ್ಡ್ ಮಾಡುತ್ತಾ ಸುಮ್ಮನಿರಿ. ಹೆಸರುಗಳು ತಾವಾಗಿಯೇ ಬರುತ್ತವೆ. ಹಳೆ ಕಾಗದದ ಹಿಂದೆ ಮೆತ್ತಗಿನ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಅಚ್ಚು ಮುಂದಕ್ಕೆ ಮೂಡುತ್ತದೆ.

ಇನ್ನು ಮೂಲ ಫೋಟೋ ಇಡುವುದು. ಹಳೇ ಕಾಲದ, ಮೂಲೆಗೆ ಕಾರ್ನರ್ ಸಿಕ್ಕಿಸುವ ಕಪ್ಪು ಹಾಳೆಯ ಆಲ್ಬಂ ನೋಡಲು ಜೀರ್ಣವಾಗಿದ್ದರೂ ಫೋಟೋ ಬಿಡಿಸಿ ತೆಗೆಯಬಹುದು. ಮದುವೆ ಸ್ಟುಡಿಯೋಗಳು ಕೊಡುತ್ತಿದ್ದ ಅಂಟು ಹಾಳೆಯ ಆಲ್ಬಂ ಎಲ್ಲಕ್ಕಿಂತ ಕೆಟ್ಟದ್ದು. ಅಂಟಿನ ಗೆರೆಗಳು ಹಳದಿಯಾಗಿ ಫೋಟೋಗೆ ಇಳಿಯುತ್ತವೆ. ವಾಸನೆ ಬರುವ ಪಿವಿಸಿ ಕವರೂ ಬೇಡ, ಪಾಲಿಪ್ರೊಪಿಲೀನ್ ಕವರ್ ಕೇಳಿ. ಡಾಂಬರು ಗುಳಿಗೆ ಹಾಕಬೇಡಿ, ಸಿಲಿಕಾ ಜೆಲ್ ಪೊಟ್ಟಣ ಸಾಕು. ಅಂಟು ಆಲ್ಬಂನಿಂದ ಬಿಡಿಸಲು ಹಲ್ಲು ಸ್ವಚ್ಛ ಮಾಡುವ ಫ್ಲಾಸ್ ದಾರವನ್ನು ಫೋಟೋದ ಕೆಳಗೆ ಗರಗಸದಂತೆ ನಿಧಾನಕ್ಕೆ ಎಳೆಯಿರಿ. ಒಂದು ಮೂಲೆಯೂ ಏಳದಿದ್ದರೆ ಬಿಟ್ಟುಬಿಡಿ, ಹಾಳೆ ಸಮೇತ ಸಿಸಿಡಿ ಸ್ಕ್ಯಾನರಿನ ಮೇಲೆ ಮಲಗಿಸಿ.