ಕೊಬ್ಬರಿ ಒಂದೇ, ಲಾಭ ನಾಲ್ಕು: ಫಿಫೋ, ಸರಾಸರಿ, ಲಿಫೋ ಹೋಲಿಕೆ

ದಾಸ್ತಾನಿಗೆ ಬೆಲೆ ಕಟ್ಟುವ ಪಾಠ ಬಿ.ಕಾಂ. ಮಕ್ಕಳಿಗೆ ಬೇಜಾರು ತರಿಸುತ್ತದೆ. ಪುಸ್ತಕದ ಲೆಕ್ಕದಲ್ಲಿ ರೇಟು ಹತ್ತು ರೂಪಾಯಿಯಿಂದ ಹನ್ನೊಂದಕ್ಕೆ ಏರುತ್ತದೆ. ಯಾವ ವಿಧಾನ ಹಿಡಿದರೂ ಉತ್ತರ ಅಲ್ಲಲ್ಲೇ ಬರುತ್ತದೆ. ಯಾವುದಾದರೇನು ಬಿಡಿ ಅನ್ನಿಸುವುದು ಸಹಜ. ಆದರೆ ರೇಟು ಜಿಗಿದಾಡುವ ಮಾಲು ಕೈಗೆ ಬಂದರೆ ಕಥೆಯೇ ಬೇರೆ.

ನಾನು ತಿಪಟೂರು ಕಡೆಯ ಒಂದು ಕೊಬ್ಬರಿ ಅಂಗಡಿಯ ಲೆಕ್ಕ ಬರೆಯುತ್ತೇನೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆ ರೇಟು ಅದಕ್ಕಿಂತ ಕೆಳಗೆ ಬಿದ್ದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಇಷ್ಟು ಏರಿಳಿತ ಇರುವಾಗ ಲೆಕ್ಕದ ವಿಧಾನ ಬದಲಾದರೆ ಲಾಭ ಎಷ್ಟು ಬದಲಾಗುತ್ತದೆ ಅಂತ ನೋಡಬೇಕಿತ್ತು. ಅದಕ್ಕೇ ಒಂದೇ ಖರೀದಿ ಪುಸ್ತಕವನ್ನು ಬೇರೆ ಬೇರೆ ವಿಧಾನದಲ್ಲಿ ಹಾಕಿ ನೋಡಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೊಬ್ಬರಿಗೆ ಚಲಿಸುವ ಸರಾಸರಿ, ಅಂದರೆ ಪ್ರತಿ ಖರೀದಿಯಾದಾಗ ಹೊಸ ಸರಾಸರಿ ರೇಟು ಕಟ್ಟುವ ಲೆಕ್ಕ, ಒಳ್ಳೆಯದು. ಎಣ್ಣೆ ಟಿನ್ನಿಗೆ ಫಿಫೋ, ಅಂದರೆ ಮೊದಲು ಬಂದದ್ದು ಮೊದಲು ಹೋಯಿತು ಅಂತ ಹಿಡಿಯುವ ಲೆಕ್ಕ, ಒಳ್ಳೆಯದು. ಇವತ್ತು ಎಷ್ಟಕ್ಕೆ ಮಾರಬೇಕು ಅನ್ನುವ ಪ್ರಶ್ನೆ ಬಂದಾಗ ಎರಡನ್ನೂ ಪಕ್ಕಕ್ಕಿಡಬೇಕು.

ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ದುಂಡು ಸಂಖ್ಯೆ ಕೊಡುತ್ತಿದ್ದೇನೆ. ವರ್ಷದ ಶುರುವಿನಲ್ಲಿ ಗೋಡೌನಿನಲ್ಲಿ 10 ಕ್ವಿಂಟಾಲ್ ಇದೆ, ರೇಟು 12,000. ಆಮೇಲೆ 20 ಕ್ವಿಂಟಾಲ್ 15,000ದಂತೆ ಬಂತು. ಒಟ್ಟು ಮಾಲಿನಲ್ಲಿ 10 ಕ್ವಿಂಟಾಲ್ 16,500ರಂತೆ ಮಾರಿದೆವು. ನಂತರ ಮತ್ತೆ 20 ಕ್ವಿಂಟಾಲ್ 18,000ದಂತೆ ಬಂತು. ಕೊನೆಗೆ 20 ಕ್ವಿಂಟಾಲ್ 19,500ಕ್ಕೆ ಹೋಯಿತು. ಒಟ್ಟು ಮಾರಾಟ 5,55,000. ಮೊದಲಿದ್ದದ್ದು, ಕೊಂಡದ್ದು ಎಲ್ಲಾ ಸೇರಿ ಮಾಲಿನ ಅಸಲು 7,80,000. ಉಳಿದದ್ದು 20 ಕ್ವಿಂಟಾಲ್. ಕೆಳಗಿನ ಪಟ್ಟಿಯಲ್ಲಿ ಲಿಫೋ ಅಂದರೆ ಕೊನೆಗೆ ಬಂದದ್ದು ಮೊದಲು ಹೋಯಿತು ಅನ್ನುವ ಲೆಕ್ಕ, ವರ್ಷದ ಸರಾಸರಿ ಅಂದರೆ ವರ್ಷದ ಎಲ್ಲಾ ಮಾಲಿಗೂ ಒಂದೇ ಸರಾಸರಿ ರೇಟು.

| ವಿಧಾನ | ಮಾರಿದ ಮಾಲಿನ ಅಸಲು | ಉಳಿದ ಸ್ಟಾಕು | ಒಟ್ಟು ಲಾಭ |
|---|---|---|---|
| ಫಿಫೋ | 4,20,000 | 3,60,000 | 1,35,000 |
| ಚಲಿಸುವ ಸರಾಸರಿ | 4,60,000 | 3,20,000 | 95,000 |
| ವರ್ಷದ ಸರಾಸರಿ | 4,68,000 | 3,12,000 | 87,000 |
| ಲಿಫೋ | 5,10,000 | 2,70,000 | 45,000 |

ಚೀಲ ಅವೇ, ಗಿರಾಕಿ ಅವರೇ, ಗಲ್ಲಾಪೆಟ್ಟಿಗೆಯಲ್ಲಿರುವ ದುಡ್ಡೂ ಅಷ್ಟೇ. ಕಾಗದದ ಮೇಲಿನ ಲಾಭ ಮಾತ್ರ 45,000ದಿಂದ 1,35,000ದವರೆಗೆ ಓಡಾಡುತ್ತಿದೆ. ಎಲ್ಲಾ ಸಾಲಿನಲ್ಲೂ ಅಸಲು ಮತ್ತು ಉಳಿದ ಸ್ಟಾಕು ಕೂಡಿಸಿ ನೋಡಿ, 7,80,000 ಬರುತ್ತದೆ. ಯಾವ ವಿಧಾನವೂ ದುಡ್ಡನ್ನು ಹುಟ್ಟಿಸುವುದಿಲ್ಲ. 7,80,000ದಲ್ಲಿ ಈ ವರ್ಷಕ್ಕೆ ಎಷ್ಟು, ಮುಂದಿನ ವರ್ಷಕ್ಕೆ ಎಷ್ಟು ಅಂತ ಪಾಲು ಹಾಕುತ್ತದೆ, ಅಷ್ಟೇ.

ಫಿಫೋ ಅಂದರೆ ಮೊದಲು ಬಂದದ್ದು ಮೊದಲು ಹೋಯಿತು ಅನ್ನುವ ಲೆಕ್ಕ. ಕಲಿಯಲು ಇದರಷ್ಟು ಸುಲಭ ಯಾವುದೂ ಇಲ್ಲ. ಉಳಿದ ಸ್ಟಾಕು ಇವತ್ತಿನ ರೇಟಿಗೆ ಹತ್ತಿರ ಇರುತ್ತದೆ, ಹಾಗಾಗಿ ಬ್ಯಾಲೆನ್ಸ್ ಶೀಟ್ ಚೆನ್ನಾಗಿ ಕಾಣುತ್ತದೆ. ಸಾಲಕ್ಕೆ ಬ್ಯಾಂಕಿಗೆ ಹೋದಾಗ ಅದು ಉಪಯೋಗಕ್ಕೆ ಬರುತ್ತದೆ. ತೊಂದರೆ ಇರುವುದು ಲಾಭದ ಕಡೆ. ಇವತ್ತಿನ ಮಾರಾಟದ ಎದುರಿಗೆ ಆರೇಳು ತಿಂಗಳ ಹಿಂದಿನ ಅಸಲು ನಿಲ್ಲುತ್ತದೆ. ರೇಟು ಏರುವ ಕಾಲದಲ್ಲಿ ಲಾಭ ಉಬ್ಬಿಕೊಳ್ಳುತ್ತದೆ.

ಎಷ್ಟು ಉಬ್ಬಿದೆ ಅಂತ ಅಳೆಯಬಹುದು. ಮಾರಿದ ಪ್ರತಿ ಸಲ ಅಷ್ಟೇ ಮಾಲನ್ನು ಆಗಿನ ಖರೀದಿ ರೇಟಿನಲ್ಲಿ ತುಂಬಿಸಿಕೊಂಡೆವು ಅಂತ ಇಟ್ಟುಕೊಳ್ಳಿ. ಮೊದಲ 10ಕ್ಕೆ 1,50,000 ಬೇಕು, ಆಮೇಲಿನ 20ಕ್ಕೆ 3,60,000 ಬೇಕು. ಎರಡೂ ಸೇರಿ 5,10,000. ಮಾರಾಟದಿಂದ ಬಂದದ್ದು 5,55,000. ಕೈಯಲ್ಲಿ ಉಳಿಯುವುದು 45,000 ಮಾತ್ರ. ಫಿಫೋ ತೋರಿಸುವ 1,35,000ದಲ್ಲಿ ಮಿಕ್ಕ 90,000 ಎಲ್ಲಿದೆ? ಗೋಡೌನಿನ ಚೀಲಗಳಲ್ಲಿದೆ. ಅದು ಸುಳ್ಳು ಲಾಭ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನಾಳೆ ಅಂಗಡಿ ಮುಚ್ಚಿ ಎಲ್ಲವನ್ನೂ ಮಾರಿದರೆ ಅದು ನಗದಾಗುತ್ತದೆ. ಆದರೆ ವ್ಯಾಪಾರ ಮುಂದುವರಿಸುವವರು ಅದನ್ನು ನಂಬಿ ಮನೆ ಖರ್ಚಿಗೆ ಎತ್ತಿಕೊಂಡರೆ ಮುಂದಿನ ಲೋಡಿಗೆ ದುಡ್ಡಿರುವುದಿಲ್ಲ. ಮಾಲು ಇಟ್ಟುಕೊಂಡಿದ್ದಕ್ಕೆ ಬಂದದ್ದು ಬೇರೆ, ವ್ಯಾಪಾರ ಮಾಡಿದ್ದಕ್ಕೆ ಬಂದದ್ದು ಬೇರೆ. ಫಿಫೋ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ.

ಲಿಫೋ ತೋರಿಸಿದ ಲಾಭವೂ 45,000ವೇ, ಗಮನಿಸಿದಿರಾ? ಕೊನೆಗೆ ಬಂದದ್ದು ಮೊದಲು ಹೋಯಿತು ಅಂತ ಹಿಡಿಯುವುದರಿಂದ ಇವತ್ತಿನ ಮಾರಾಟಕ್ಕೆ ಇವತ್ತಿನ ಅಸಲೇ ಎದುರಾಗುತ್ತದೆ. ಅರ್ಥಶಾಸ್ತ್ರದ ಮೇಷ್ಟ್ರು ಕೇಳುವ ಲಾಭಕ್ಕೆ ಇದೇ ಹತ್ತಿರ. ಇಷ್ಟು ಒಳ್ಳೆಯದಿದ್ದರೂ ನಮ್ಮಲ್ಲಿ ಇದಕ್ಕೆ ಜಾಗ ಇಲ್ಲ. ದಾಸ್ತಾನಿನ ಲೆಕ್ಕಕ್ಕೆ ಇರುವ ಭಾರತದ ಎಎಸ್ 2 ಮಾನದಂಡ 1999ರಲ್ಲಿ ಪರಿಷ್ಕರಣೆಯಾದಾಗ ಲಿಫೋ ಹೊರಗೆ ಹೋಯಿತು. ಅಂತರರಾಷ್ಟ್ರೀಯ ಮಾನದಂಡ ಐಎಎಸ್ 2 ಅದನ್ನು 2003ರ ಪರಿಷ್ಕರಣೆಯಲ್ಲಿ ಕೈಬಿಟ್ಟಿತು, ಅದು 2005ರಿಂದ ಜಾರಿಗೆ ಬಂತು. ಅಮೆರಿಕದಲ್ಲಿ ಮಾತ್ರ ಇವತ್ತಿಗೂ ನಡೆಯುತ್ತದೆ. ಎಕ್ಸಾನ್‌ಮೊಬಿಲ್‌ನಂಥ ತೈಲ ಕಂಪನಿಯೂ ಬಳಸುತ್ತದೆ. ಅಲ್ಲಿ ಒಂದು ಷರತ್ತಿದೆ. ತೆರಿಗೆಗೆ ಲಿಫೋ ತೋರಿಸಿದರೆ ಷೇರುದಾರರಿಗೂ ಲಿಫೋ ಲೆಕ್ಕವನ್ನೇ ಕೊಡಬೇಕು. ತೆರಿಗೆಯವರಿಗೆ ಕಡಿಮೆ ಲಾಭ, ಷೇರುದಾರರಿಗೆ ಜಾಸ್ತಿ ಲಾಭ ಅನ್ನುವ ಆಟ ನಡೆಯುವುದಿಲ್ಲ.

ಹೊರಗೆ ಹಾಕಿದ್ದು ಯಾಕೆ ಅನ್ನುವುದು ಪುಸ್ತಕ ಮುಂದಕ್ಕೆ ಎಳೆದರೆ ತಿಳಿಯುತ್ತದೆ. ಉಳಿದ 20 ಕ್ವಿಂಟಾಲಿಗೆ ಲಿಫೋ ಕಟ್ಟಿದ್ದು 2,70,000. ಮಾರುಕಟ್ಟೆಯಲ್ಲಿ ಅದು ನಾಲ್ಕು ಲಕ್ಷದ ಹತ್ತಿರದ ಮಾಲು. ಪ್ರತಿ ವರ್ಷ ಹೀಗೇ ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ಹತ್ತು ವರ್ಷದ ಹಿಂದಿನ ರೇಟು ಕೂತಿರುತ್ತದೆ. ಇನ್ನೂ ಕೆಟ್ಟದ್ದು, ಒಂದು ವರ್ಷ ಮಾಲು ಸಿಗದೆ ಖರೀದಿ ನಿಂತರೆ ತಳದಲ್ಲಿರುವ 12,000ದ ಚೀಲಕ್ಕೆ ಕೈ ಹೋಗುತ್ತದೆ. ಆ 10 ಕ್ವಿಂಟಾಲ್ 19,500ಕ್ಕೆ ಹೋದರೆ ಅದೊಂದರಲ್ಲೇ 75,000 ಲಾಭ. ವ್ಯಾಪಾರ ಕುಗ್ಗಿದ ವರ್ಷವೇ ಲಾಭ ಎದ್ದು ಕಾಣುತ್ತದೆ! ಬೇಕೆಂದಾಗ ಖರೀದಿ ತಡೆದು ಲಾಭ ತೋರಿಸುವವರಿಗೂ ಇದು ದಾರಿ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಲಿಫೋ ಆಯ್ಕೆ ಇದೆ, ಕಲಿಯಲು ಹಾಕಿ ನೋಡಿ. ಅಂತಿಮ ಲೆಕ್ಕಕ್ಕೆ ಬೇಡ.

ಈಗ ಸರಾಸರಿ. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಕೊಬ್ಬರಿ ಗೋಡೌನಿಗೆ ಒಂದು ಸಲ ಹೋಗಿ ನೋಡಿ. ಹೊಸ ಲೋಡು ಬಂದಾಗ ಹಮಾಲರು ಹಳೇ ಚೀಲಗಳ ಮುಂದೆಯೇ ಪೇರಿಸುತ್ತಾರೆ. ಅರ್ಜೆಂಟ್ ಆರ್ಡರ್ ಬಂದರೆ ಬಾಗಿಲ ಬಳಿ ಇರುವ ಚೀಲವೇ ಮೊದಲು ಲಾರಿ ಹತ್ತುತ್ತದೆ. ನಡುವೆ ಗ್ರೇಡ್ ಮಾಡಲು ನೆಲಕ್ಕೆ ಸುರಿಯುತ್ತಾರೆ. ದಪ್ಪ ಉಂಡೆ ಒಂದು ಕಡೆ, ಸಣ್ಣದು ಒಂದು ಕಡೆ, ಕಪ್ಪಾದದ್ದು, ಒಡೆದದ್ದು ಇನ್ನೊಂದು ಕಡೆ. ಆ ರಾಶಿಯಲ್ಲಿ ಯಾವ ಉಂಡೆ 12,000ದ್ದು, ಯಾವುದು 18,000ದ್ದು ಅಂತ ಯಾರು ಹೇಳುತ್ತಾರೆ?  ಇಂಥ ಮಾಲಿಗೆ ಒಂದು ಸರಾಸರಿ ರೇಟು ಹಾಕುವುದೇ ನಿಜಕ್ಕೆ ಹತ್ತಿರ.

ಚಲಿಸುವ ಸರಾಸರಿ ಹೀಗೆ ಸಾಗುತ್ತದೆ. 10 ಮತ್ತು 20 ಸೇರಿ 30 ಕ್ವಿಂಟಾಲಿಗೆ 4,20,000, ಅಂದರೆ ರೇಟು 14,000. ಅದರಲ್ಲಿ 10 ಹೋಯಿತು, 20 ಉಳಿಯಿತು, 2,80,000. ಹೊಸ ಲೋಡು 3,60,000 ಸೇರಿದರೆ 40 ಕ್ವಿಂಟಾಲಿಗೆ 6,40,000. ಹೊಸ ರೇಟು 16,000. ಪ್ರತಿ ಖರೀದಿಗೂ ರೇಟು ಬದಲಾಗುತ್ತದೆ, ಮಾರಾಟಕ್ಕೆ ಬದಲಾಗುವುದಿಲ್ಲ. ಈ ಒಂದು ಸಾಲು ನೆನಪಿದ್ದರೆ ಪರೀಕ್ಷೆಯ ಅರ್ಧ ಲೆಕ್ಕ ಮುಗಿದ ಹಾಗೆ. ಕೈಬರಹದಲ್ಲಿ ಇದು ತಲೆನೋವು, ಕಂಪ್ಯೂಟರಿಗೆ ಏನೂ ಅಲ್ಲ. ವರ್ಷದ ಸರಾಸರಿ ಸುಲಭ, ಆದರೆ ಮಾರ್ಚ್ ಕಳೆಯುವವರೆಗೆ ಅಸಲು ಗೊತ್ತಾಗುವುದಿಲ್ಲ. ನಡೆಯುತ್ತಿರುವ ಅಂಗಡಿಗೆ ಅದು ಪ್ರಯೋಜನವಿಲ್ಲ.

ಇಲ್ಲಿ ಮಕ್ಕಳು ಜಾರುವ ಜಾಗ ಒಂದಿದೆ. 12,000, 15,000, 18,000 ಕೂಡಿಸಿ ಮೂರರಿಂದ ಭಾಗಿಸಿ 15,000 ಅಂತ ಬರೆಯುತ್ತಾರೆ. 50 ಕ್ವಿಂಟಾಲಿಗೆ ಆ ರೇಟು ಹಾಕಿದರೆ 7,50,000 ಆಗುತ್ತದೆ. ಮಿಕ್ಕ 30,000 ಎಲ್ಲಿ ಹೋಯಿತು? 12,000ದ ಮಾಲು ಬರೀ 10 ಇತ್ತು, ಉಳಿದವು ಇಪ್ಪತ್ತಿಪ್ಪತ್ತು. ತೂಕ ಮರೆತರೆ ಲೆಕ್ಕ ತಾಳೆಯಾಗುವುದಿಲ್ಲ. ಸರಿಯಾದ ಸರಾಸರಿ 15,600.

ಕೊಬ್ಬರಿ ಒಣಗಿ ತೂಕ ಇಳಿಯುವುದನ್ನೂ ಸೇರಿಸಬೇಕು. 14,700ರಂತೆ ಕೊಂಡ 100 ಕ್ವಿಂಟಾಲ್ ಒಣಗಿ 98 ಆದರೆ, ನಿಜವಾದ ಅಸಲು 15,000. ಸಹಜವಾಗಿ ಇಳಿದದ್ದನ್ನು ಉಳಿದ ಮಾಲಿನ ಮೇಲೆ ಹಂಚುತ್ತೇವೆ. ಮಳೆಗೆ ನೆನೆದು ಹಾಳಾದದ್ದನ್ನು ಹಾಗೆ ಹಂಚಬಾರದು, ಅದು ನೇರ ನಷ್ಟ. ಮಾಲು ಗೋಡೌನಿಗೆ ತರುವ ಲಾರಿ ಬಾಡಿಗೆ, ಹಮಾಲಿ ಅಸಲಿಗೆ ಸೇರುತ್ತವೆ. ವಾಪಸ್ ಸಿಗುವ ಜಿಎಸ್‌ಟಿ ಸೇರುವುದಿಲ್ಲ.

ಪ್ರತಿ ಚೀಲಕ್ಕೆ ಚೀಟಿ ಕಟ್ಟಿ ಅದರದ್ದೇ ಅಸಲು ಹಿಡಿಯುವ ವಿಧಾನವೂ ಇದೆ. ರೇಷ್ಮೆ ಸೀರೆ, ಒಡವೆ, ಸೆಕೆಂಡ್ ಹ್ಯಾಂಡ್ ಕಾರಿಗೆ ಅದೇ ಸರಿ. ಕೊಬ್ಬರಿಯಲ್ಲಿ ಗ್ರೇಡ್ ಮಾಡಲು ಚೀಲ ಬಿಚ್ಚಿದ ಕೂಡಲೇ ಚೀಟಿಗೆ ಅರ್ಥ ಉಳಿಯುವುದಿಲ್ಲ.

ರೇಟು ಬಿದ್ದಾಗ ಇನ್ನೊಂದು ನಿಯಮ ಬರುತ್ತದೆ. ಅಸಲು ಮತ್ತು ಮಾರಿದರೆ ಖರ್ಚು ಕಳೆದು ಕೈಗೆ ಬರುವ ಮೊತ್ತ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ದಾಸ್ತಾನಿನ ಬೆಲೆ ಅಂತ ತೋರಿಸಬೇಕು. ವರ್ಷದ ಕೊನೆಗೆ ಕೈಗೆ ಬರುವುದು 16,000ಕ್ಕೆ ಇಳಿಯಿತು ಅನ್ನಿ. ಫಿಫೋ ಸ್ಟಾಕು 18,000ದಲ್ಲಿದೆ, ಕ್ವಿಂಟಾಲಿಗೆ 2,000ದಂತೆ 40,000 ಕಡಿಮೆ ಮಾಡಬೇಕು. ಲಾಭ 1,35,000ದಿಂದ 95,000ಕ್ಕೆ ಇಳಿಯಿತು. ಚಲಿಸುವ ಸರಾಸರಿ ಮೊದಲೇ 16,000ದಲ್ಲಿ ನಿಂತಿದೆ, ಅದನ್ನು ಮುಟ್ಟುವುದೇ ಬೇಡ. ರೇಟು ಜಿಗಿದಾಡುವ ಮಾಲಿಗೆ ಸರಾಸರಿ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ.

ತೆರಿಗೆಯ ಕಡೆ ನೋಡಿದರೆ, ಪಾಲುದಾರಿಕೆ ಸಂಸ್ಥೆಗೆ ಆದಾಯ ತೆರಿಗೆ 30%, ಸೆಸ್ ಬೇರೆ. ಫಿಫೋಗೂ ಚಲಿಸುವ ಸರಾಸರಿಗೂ ಲಾಭದಲ್ಲಿ 40,000 ವ್ಯತ್ಯಾಸ, ತೆರಿಗೆಯಲ್ಲಿ 12,000. ಇದು ಉಳಿತಾಯ ಅಲ್ಲ, ಮುಂದೂಡಿಕೆ. ಸ್ಟಾಕು ಖಾಲಿಯಾದ ವರ್ಷ ಕಟ್ಟಲೇಬೇಕು. ರೇಟು ಏರಿದ ವರ್ಷ ಒಂದು ವಿಧಾನ, ಇಳಿದ ವರ್ಷ ಇನ್ನೊಂದು ಅಂತ ಹಾರಾಡುವುದಕ್ಕೂ ಬಿಡುವುದಿಲ್ಲ.

ಮಾರುವ ರೇಟಿನ ವಿಷಯಕ್ಕೆ ಬರೋಣ. "ಹಳೇ ರೇಟಿನ ಮಾಲು ಅಲ್ವಾ ಅಣ್ಣಾ, ಹಳೇ ಲೆಕ್ಕದಲ್ಲೇ ಕೊಡಿ" ಅಂತ ಗಿರಾಕಿ ಕೇಳುತ್ತಾರೆ. 12,000ಕ್ಕೆ ಕೊಂಡದ್ದು ನಿಜ. ಆದರೆ ಅದನ್ನು 13,000ಕ್ಕೆ ಕೊಟ್ಟರೆ ಅದೇ ಚೀಲ ವಾಪಸ್ ತರಲು 18,000 ಬೇಕು. ಕೊಟ್ಟುಬಿಟ್ಟದ್ದರ ನಿಜವಾದ ಬೆಲೆ ಅದು. ಇದು ಇಳಿಯುವಾಗಲೂ ಅಷ್ಟೇ ನಿಜ. 18,000ಕ್ಕೆ ಕೊಂಡ ಮಾಲು 13,000ಕ್ಕೆ ಬಿದ್ದಾಗ "ಅಸಲಾದರೂ ಬರಲಿ" ಅಂತ ಎಷ್ಟೋ ವ್ಯಾಪಾರಿಗಳು ಕಾಯುತ್ತಾರೆ. ಕೊಟ್ಟ 18,000 ಹೋಗಿ ಆಯಿತು. ಈಗಿನ ಪ್ರಶ್ನೆ ಒಂದೇ: 13,000 ಇವತ್ತೇ ತೆಗೆದುಕೊಂಡು ಬೇರೆ ಮಾಲಿಗೆ ಹಾಕುವುದು ಮೇಲೋ, ಬಾಡಿಗೆ ಮತ್ತು ಬಡ್ಡಿ ಕಟ್ಟುತ್ತಾ ಏರಿಕೆಗೆ ಕಾಯುವುದು ಮೇಲೋ? ಅದಕ್ಕೆ ಉತ್ತರ ಸ್ಟಾಕ್ ರಿಜಿಸ್ಟರಿನಲ್ಲಿ ಇಲ್ಲ, ಮಾರುಕಟ್ಟೆಯಲ್ಲಿದೆ.

ಹಾಗಾಗಿ ನಮ್ಮ ಪುಸ್ತಕದಲ್ಲಿ ಎರಡು ಕಾಲಂ ಇವೆ. ಒಂದರಲ್ಲಿ ಚಲಿಸುವ ಸರಾಸರಿ, ಅದು ಆಡಿಟರಿಗೆ. ಇನ್ನೊಂದರಲ್ಲಿ ಆ ದಿನದ ಖರೀದಿ ರೇಟು, ಅದು ಗಲ್ಲಾದ ಮೇಲೆ ಕೂರುವವರಿಗೆ. ಎಣ್ಣೆ ಟಿನ್ನಿನ ಮೇಲೆ ತಾರೀಕು ಇರುತ್ತದೆ, ಹಳೆಯದೇ ಮೊದಲು ಹೋಗಬೇಕು, ಹೋಗುತ್ತದೆ ಕೂಡ. ಅದಕ್ಕೆ ಫಿಫೋ. ಓದುವ ಮಕ್ಕಳು ಮೇಲಿನ ಲೆಕ್ಕದ ಖರೀದಿ ರೇಟುಗಳನ್ನು ಮಾತ್ರ ತಿರುಗಿಸಿ, 18,000, 15,000, 12,000 ಅಂತ ಹಾಕಿ ಮತ್ತೊಮ್ಮೆ ಮಾಡಿ ನೋಡಿ. ಮಾರುವ ರೇಟೂ ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಿ. ಫಿಫೋ ಕೆಳಗೆ, ಲಿಫೋ ಮೇಲೆ, ಸರಾಸರಿ ನಡುವೆಯೇ ಬರುತ್ತದೆ.